ಗಡಿ ಮುಚ್ಚಿದರೆ ರೋಗ ನಿಲ್ಲುತ್ತದೆಯೇ? ಗುಂಡ್ಲುಪೇಟೆಯ ಲೆಕ್ಕ

'ನಮ್ಮ ಜಿಲ್ಲೆಗೆ ಮೂರು ತಿಂಗಳು ಕೊರೊನಾ ಬರಲೇ ಇಲ್ಲ' ಎಂದು ಚಾಮರಾಜನಗರದ ಕಡೆಯವರು ಈಗಲೂ ಹೇಳುವುದುಂಟು. ಮಾತು ನಿಜ. 2020ರ ಮಾರ್ಚ್ ಎರಡನೇ ವಾರದಲ್ಲಿ ಬೆಂಗಳೂರಿನಲ್ಲಿ ರಾಜ್ಯದ ಮೊದಲ ಪ್ರಕರಣ ಪತ್ತೆಯಾಯಿತು. ಜೂನ್ ಮೊದಲ ವಾರ ಮುಗಿಯುವಷ್ಟರಲ್ಲಿ ರಾಜ್ಯದ ಲೆಕ್ಕ ಐದು ಸಾವಿರ ದಾಟಿತ್ತು. ಅಲ್ಲಿಯವರೆಗೂ ಪ್ರತಿದಿನ ಸಂಜೆಯ ಪಟ್ಟಿಯಲ್ಲಿ ಚಾಮರಾಜನಗರದ ಎದುರಿಗೆ ಸೊನ್ನೆಯೇ ಇರುತ್ತಿತ್ತು. ಒಂದು ಪಕ್ಕ ಕೇರಳ, ಇನ್ನೊಂದು ಪಕ್ಕ ತಮಿಳುನಾಡು. ಮೇಲ್ಗಡೆ ನಂಜನಗೂಡು, ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರು ಮತ್ತು ಅವರ ಸಂಪರ್ಕಕ್ಕೆ ಬಂದವರಲ್ಲಿ ಏಪ್ರಿಲ್‌ನಲ್ಲೇ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತ್ತು. ಇಂಥ ಜಾಗದ ನಡುವೆ ಸೊನ್ನೆ ಉಳಿದದ್ದು ಹೇಗೆ?

ಕಾಡಿನ ಗಾಳಿ ಎಂದರು ಕೆಲವರು. ರಾಗಿ ಮುದ್ದೆಯ ಶಕ್ತಿ ಎಂದರು, ಮಾದಪ್ಪನ ಕಾವಲು ಎಂದರು. (ಮುಖ್ಯಮಂತ್ರಿ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆ ಅಂಟಿಕೊಂಡಿರುವ ಊರಿಗೆ ಇಂಥ ವಿವರಣೆಗಳು ಹೊಸವಲ್ಲ.) ವಿಜ್ಞಾನಕ್ಕೆ ಹತ್ತಿರವಾಗಿ ಕೇಳಿಸುವ ಉತ್ತರ ಒಂದಿತ್ತು: 'ಗಡಿ ಮುಚ್ಚಿದೆವು, ಅದಕ್ಕೇ ಬರಲಿಲ್ಲ.' ಈ ಉತ್ತರ ಅರ್ಧ ಸರಿ. ಉಳಿದ ಅರ್ಧವನ್ನು ಲೆಕ್ಕ ಹಾಕಿ ನೋಡೋಣ. ಏಕೆಂದರೆ ಗಡಿ ಮುಚ್ಚಿದ್ದರ ಬೆಲೆ ತೆತ್ತವರು ಅದೇ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹೆಚ್ಚಾಗಿದ್ದಾರೆ.

ನೆಲದ ಮೇಲಿನ ದ್ವೀಪ

ಗುಂಡ್ಲುಪೇಟೆ ದಾರಿಯ ಊರು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರ ದಾಟಿ ತಮಿಳುನಾಡಿನ ಮುದುಮಲೆ, ಊಟಿಗೆ ಹೋಗುತ್ತದೆ. ಇನ್ನೊಂದು ಮದ್ದೂರು, ಮೂಲೆಹೊಳೆ ದಾಟಿ ಕೇರಳದ ಮುತ್ತಂಗ, ಸುಲ್ತಾನ್ ಬತ್ತೇರಿಗೆ ಇಳಿಯುತ್ತದೆ. ಎರಡೂ ಕಾಡಿನೊಳಗಿನ ರಸ್ತೆ. ಕಾಡಿನಲ್ಲಿ ಅಡ್ಡದಾರಿಗಳಿಲ್ಲ, ಊರುಗಳೂ ವಿರಳ. ಹಾಗಾಗಿ ಎರಡು ಚೆಕ್‌ಪೋಸ್ಟ್ ಮುಚ್ಚಿದರೆ ಆ ಎರಡು ದಿಕ್ಕಿನ ವಾಹನ ಸಂಚಾರ ನಿಂತಂತೆ. ಬೀದರ್, ಬೆಳಗಾವಿಗಳಂತೆ ಹೊಲದ ಬದುಗಳಲ್ಲೇ ರಾಜ್ಯ ಬದಲಾಗುವ ಕಡೆ ಇದು ಸಾಧ್ಯವೇ ಇಲ್ಲ. ದ್ವೀಪಕ್ಕೆ ಸಮುದ್ರ ಮಾಡುವ ಕೆಲಸವನ್ನು ಇಲ್ಲಿ ಕಾಡು ಮಾಡಿತು.

ನಿಜವಾದ ದ್ವೀಪಗಳಲ್ಲಿ ಏನಾಯಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. ಲಕ್ಷದ್ವೀಪಕ್ಕೆ ಹೋಗುವವರು 2020ರಲ್ಲಿ ಕೊಚ್ಚಿಯಲ್ಲೇ ಕ್ವಾರಂಟೈನ್ ಮುಗಿಸಬೇಕಿತ್ತು. ದೇಶವೆಲ್ಲ ನರಳಿದ ಆ ಇಡೀ ವರ್ಷ ಅಲ್ಲಿ ಒಂದೂ ಪ್ರಕರಣ ಇರಲಿಲ್ಲ. ವರ್ಷದ ಕೊನೆಗೆ ನಿಯಮ ಸಡಿಲವಾಯಿತು, 2021ರ ಜನವರಿಯಲ್ಲಿ ಮೊದಲ ಸೋಂಕು ಪತ್ತೆಯಾಯಿತು. ಚಾಮರಾಜನಗರದ ಕಥೆಯೂ ಇದೇ. ಲಾಕ್‌ಡೌನ್ ಸಡಿಲವಾಗಿ ಅಂತರರಾಜ್ಯ ಓಡಾಟ ಶುರುವಾದ ಜೂನ್ ಎರಡನೇ ವಾರದಲ್ಲಿ, ಮಹಾರಾಷ್ಟ್ರದಿಂದ ಬಂದವರೊಬ್ಬರಲ್ಲಿ ಜಿಲ್ಲೆಯ ಮೊದಲ ಸೋಂಕು ಕಾಣಿಸಿತು. ಕಾಡಿನ ಗಾಳಿಯೂ ರಾಗಿ ಮುದ್ದೆಯೂ ಆಗಲೂ ಹಾಗೆಯೇ ಇದ್ದವು, ಬದಲಾದದ್ದು ಓಡಾಟ.

ಇನ್ನೂ ಹಳೆಯ ಉದಾಹರಣೆ 1918ರ ಇನ್‌ಫ್ಲುಯೆಂಜಾ ಕಾಲದ್ದು. ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳು ಆಗ ಎರಡು ಆಡಳಿತದಲ್ಲಿ ಹಂಚಿಹೋಗಿದ್ದವು. ಅಮೆರಿಕದ ಕೈಯಲ್ಲಿದ್ದ ಭಾಗದ ಗವರ್ನರ್ ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದ. ಅಲ್ಲಿ ಆ ಜ್ವರದಿಂದ ಒಬ್ಬರೂ ಸಾಯಲಿಲ್ಲ. ನ್ಯೂಜಿಲೆಂಡಿನ ಕೈಯಲ್ಲಿದ್ದ ಪಶ್ಚಿಮ ಸಮೋವಾಕ್ಕೆ ಆಕ್ಲೆಂಡಿನಿಂದ ತಲೂನ್ ಎಂಬ ಹಡಗು ಬಂತು, ರೋಗಿಗಳನ್ನು ಇಳಿಸಿತು. ಅಲ್ಲಿನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಸತ್ತಿತು.

ಅಂದರೆ ಗಡಿ ಮುಚ್ಚುವುದು ಕೆಲಸ ಮಾಡುತ್ತದೆ. ಆದರೆ ರೋಗ ಒಳಗೆ ಬರುವ ಮೊದಲೇ, ಪೂರ್ತಿಯಾಗಿ ಮುಚ್ಚಬೇಕು. ಅರ್ಧ ಮುಚ್ಚಿದರೆ ಸಿಗುವ ಫಲ ನಾವು ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ. ಲೆಕ್ಕ ಸರಳ. ಒಂದು ಊರಿಗೆ ಹತ್ತು ಮಂದಿ ಸೋಂಕಿತರು ಬರುತ್ತಿದ್ದರು ಎನ್ನಿ. ತಪಾಸಣೆ ಬಿಗಿ ಮಾಡಿ ಒಂಬತ್ತು ಮಂದಿಯನ್ನು ತಡೆದಿರಿ, ಒಬ್ಬರು ನುಸುಳಿದರು. ಸೋಂಕು ನಾಲ್ಕು ದಿನಕ್ಕೊಮ್ಮೆ ದುಪ್ಪಟ್ಟಾದರೆ, ಆ ಒಬ್ಬರು ಇಬ್ಬರಾಗಿ, ನಾಲ್ವರಾಗಿ, ಎಂಟಾಗಿ, ಹತ್ತನ್ನು ಮುಟ್ಟಲು ಹದಿಮೂರು ಹದಿನಾಲ್ಕು ದಿನ ಸಾಕು. ನೂರಕ್ಕೆ ತೊಂಬತ್ತರಷ್ಟು ತಡೆದದ್ದಕ್ಕೆ ಸಿಕ್ಕ ಪ್ರತಿಫಲ ಎರಡು ವಾರ! ವುಹಾನ್ ನಗರವನ್ನು ಮುಚ್ಚಿದ್ದರ ಪರಿಣಾಮವನ್ನು ಅಳೆದು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇಂಥದ್ದನ್ನೇ ಹೇಳಿತ್ತು. ಚೀನಾದ ಉಳಿದ ಭಾಗಗಳಿಗೆ ರೋಗ ಹರಡುವುದು ಆ ನಿರ್ಬಂಧದಿಂದ ತಡವಾದದ್ದು ಮೂರರಿಂದ ಐದು ದಿನ ಮಾತ್ರ, ಏಕೆಂದರೆ ಅಷ್ಟರಲ್ಲಿ ಸೋಂಕಿತರು ಹೊರಟಾಗಿತ್ತು.

ಆದ್ದರಿಂದ ಗಡಿ ಮುಚ್ಚಿದಾಗ ನಾವು ಕೊಂಡುಕೊಳ್ಳುವುದು ಸಮಯ. ಕೇಳಬೇಕಾದ ಪ್ರಶ್ನೆಗಳು ಎರಡು: ಆ ಸಮಯಕ್ಕೆ ಹಣ ಕೊಟ್ಟವರು ಯಾರು, ಮತ್ತು ಕೊಂಡ ಸಮಯದಲ್ಲಿ ಮಾಡಿದ್ದೇನು?

ಟೊಮೆಟೊ ದಾಟಿತು, ಪ್ರವಾಸಿ ದಾಟಲಿಲ್ಲ

ಗಡಿ ಎಲ್ಲರಿಗೂ ಒಂದೇ ರೀತಿ ಮುಚ್ಚಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಕೇರಳದ ಗಡಿಯ ರಸ್ತೆಗಳನ್ನು ಮುಚ್ಚಿದಾಗ ಹೆಚ್ಚು ಸುದ್ದಿಯಾದದ್ದು ತಲಪಾಡಿ. ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ಕೇರಳ ಹೈಕೋರ್ಟ್‌ನಿಂದ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳಿಗೆ ಷರತ್ತಿನ ದಾರಿ ಸಿಕ್ಕಿತು. ಇತ್ತ ಮೂಲೆಹೊಳೆಯ ದಾರಿ ಸರಕು ಸಾಗಣೆಗೆ ತೆರೆದಿತ್ತು. ಅದಕ್ಕೆ ಕಾರಣವೂ ಇದೆ: ಗುಂಡ್ಲುಪೇಟೆ, ತೆರಕಣಾಂಬಿ ಮಾರುಕಟ್ಟೆಗಳ ತರಕಾರಿ ಹೋಗದಿದ್ದರೆ ಅಲ್ಲಿ ಅಡುಗೆಗೆ ತೊಂದರೆ, ಇಲ್ಲಿ ಬೆಳೆದವನಿಗೆ ತೊಂದರೆ.

ಹೀಗೆ ಟೊಮೆಟೊ, ಬೀನ್ಸ್, ಬಾಳೆಕಾಯಿ ಗಡಿ ದಾಟಿದವು. ದಾಟದೇ ನಿಂತದ್ದು ಪ್ರವಾಸಿ. ಬಂಡೀಪುರದ ಸಫಾರಿ ಮಾರ್ಚ್‌ನಲ್ಲಿ ನಿಂತಿತು. ಏಪ್ರಿಲ್ ಮೊದಲ ವಾರ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಯೊಂದಕ್ಕೆ ಮನುಷ್ಯರಿಂದ ಸೋಂಕು ತಗಲಿದ್ದು ಗೊತ್ತಾದ ಮೇಲೆ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿತು. ಜೂನ್‌ನಲ್ಲಿ ಸಫಾರಿ ಮರಳಿ ಶುರುವಾಯಿತು. ಆದರೆ ಊಟಿಗೆ ಇ-ಪಾಸ್ ಇಲ್ಲದೆ ಹೋಗುವಂತಿರಲಿಲ್ಲ. ಪ್ರವಾಸಿಗಳಿಗೆ ನೀಲಗಿರಿ ಬಾಗಿಲು ತೆರೆದದ್ದು ಸೆಪ್ಟೆಂಬರ್‌ನಲ್ಲಿ, ಅದೂ ಪಾಸ್ ಪಡೆದವರಿಗೆ.

'ಸಫಾರಿ ಶುರುವಾಯಿತಲ್ಲ, ಇನ್ನೇನು ಕಷ್ಟ?' ಎನ್ನುವವರು ದಾರಿಯ ಊರಿನ ಆರ್ಥಿಕತೆಯನ್ನು ಗಮನಿಸಿಲ್ಲ. ಗುಂಡ್ಲುಪೇಟೆಯ ಹೋಟೆಲಿನಲ್ಲಿ ದೋಸೆ ತಿನ್ನುವವರಲ್ಲಿ ಎಷ್ಟೋ ಮಂದಿ ಗುಂಡ್ಲುಪೇಟೆಗೆಂದು ಬಂದವರಲ್ಲ, ಊಟಿಗೋ ವಯನಾಡಿಗೋ ಹೊರಟವರು. ಅವರ ಗುರಿ ಮುಚ್ಚಿದರೆ ದಾರಿಯ ಎಳನೀರು, ಸೀಬೆಹಣ್ಣು, ಪೆಟ್ರೋಲು, ಪಂಕ್ಚರ್ ಅಂಗಡಿ ಎಲ್ಲಕ್ಕೂ ಏಟು. ತನ್ನ ಊರಿನಲ್ಲಿ ಒಂದೂ ರೋಗಿ ಇಲ್ಲದಿದ್ದರೂ, ಇನ್ನೊಂದು ರಾಜ್ಯದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶಕ್ಕೆ ಇಲ್ಲಿನ ಸಪ್ಲೈಯರ್ ಕೆಲಸ ಕಳೆದುಕೊಳ್ಳುತ್ತಾನೆ.

ಇನ್ನೊಂದು ವಿಷಯ. ರಾಗಿಯನ್ನು ಕಣಜದಲ್ಲಿ ಇಡಬಹುದು, ಅರಿಸಿನವನ್ನು ಬೆಲೆ ಬರುವವರೆಗೆ ಕಾಯಿಸಬಹುದು. ಏಪ್ರಿಲ್ 12ರ ಸಫಾರಿ ಜೀಪಿನ ಸೀಟನ್ನು ಅಕ್ಟೋಬರ್‌ಗೆ ಎತ್ತಿಡಲಾಗುವುದಿಲ್ಲ. ಮಾರಾಟವಾಗದ ಸೀಟು, ಖಾಲಿ ಉಳಿದ ಕೋಣೆ ಅವತ್ತಿಗೇ ಮುಗಿಯಿತು. ಬೇಸಿಗೆ ರಜೆ ಪ್ರವಾಸೋದ್ಯಮದ ಸುಗ್ಗಿ. 2020 ಮತ್ತು 2021, ಎರಡು ವರ್ಷವೂ ಆ ಸುಗ್ಗಿಯ ಹೊತ್ತಿಗೇ ಬಾಗಿಲು ಬಿತ್ತು. ಹೊಲ ಇದ್ದವರು ಹೊಲಕ್ಕೆ ಮರಳಿದರು. ಇಲ್ಲದವರಿಗೆ ಉದ್ಯೋಗ ಖಾತ್ರಿಯಿತ್ತು. ಆ ಸಾಲಿನಲ್ಲಿ ಕರ್ನಾಟಕದ ದಿನಗೂಲಿ 275 ರೂಪಾಯಿ. ಸ್ವಂತಕ್ಕೆಂದು ಸಾಲ ಮಾಡಿ ಟ್ಯಾಕ್ಸಿ ಕೊಂಡವನಿಗೆ ಆ ಕೂಲಿಯಲ್ಲಿ ಕಂತು ಕಟ್ಟಲು ಆಗುವುದಿಲ್ಲ ಎಂದು ವಿವರಿಸಬೇಕಿಲ್ಲ.

ಲಕ್ಷದ್ವೀಪದ ಕಡಮತ್ತಿನಲ್ಲಿ ಸ್ಕೂಬಾ ಕಲಿಸುವವರ ಪಾಡೂ, ಪೆಸಿಫಿಕ್‌ನ ಪಲಾವು ದೇಶದ ಡೈವಿಂಗ್ ದೋಣಿಯವರ ಪಾಡೂ ಇದೇ. ಹವಳದ ದಿಬ್ಬ ನೋಡಲು ಬರುವವರಾಗಲಿ, ಹುಲಿ ನೋಡಲು ಬರುವವರಾಗಲಿ, ದೂರದವರು ಬಾರದಿದ್ದರೆ ಆ ಕೆಲಸಕ್ಕೆ ಸ್ಥಳೀಯ ಗಿರಾಕಿ ಎಂಬುದೇ ಇಲ್ಲ.

ಹೂವಿನಿಂದ ಸೋಂಕು ಬರುತ್ತದೆಯೇ?

ಗುಂಡ್ಲುಪೇಟೆ ಕಡೆ ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ರಸ್ತೆಯ ಎರಡೂ ಬದಿ ಹಳದಿ, ಕೇಸರಿ ಹಾಸುತ್ತವೆ. ಕೇರಳದ ಕುಟುಂಬಗಳು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತವೆ, ಹೊಲದವರು ತಲೆಗಿಷ್ಟು ಎಂದು ಹಣ ಪಡೆಯುತ್ತಾರೆ. ಹೂವಿನ ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗೆ ಹೋದರೆ, ಒಂದಿಷ್ಟು ಓಣಂ ಪೂಕ್ಕಳಂಗೆ ಗಡಿ ದಾಟುತ್ತದೆ. 2020ರ ಓಣಂಗೆ ಮುಂಚೆ ಹೊರ ರಾಜ್ಯದ ಹೂವು ಬೇಡ, ಮನೆ ಸುತ್ತಲಿನ ಹೂವಿನಲ್ಲೇ ರಂಗೋಲಿ ಹಾಕಿ ಎಂದು ಕೇರಳ ಸರ್ಕಾರ ಹೇಳಿತು. ಕೆಲವೇ ದಿನಗಳಲ್ಲಿ ಷರತ್ತು ಹಾಕಿ ಸಡಿಲಿಸಿತು.

ಹೂವಿನ ಬುಟ್ಟಿಯಿಂದ ಕೊರೊನಾ ಬರುವ ಭಯ ಆಗ ಸಹಜ. ಹಾಲಿನ ಪ್ಯಾಕೆಟ್ಟನ್ನು ಸೋಪು ಹಚ್ಚಿ ತೊಳೆದದ್ದು ನಿಮಗೂ ನೆನಪಿರಬಹುದು. ನಂತರ ತಿಳಿದದ್ದು, ಈ ವೈರಸ್ ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ ಎಂದು. ಸೋಂಕಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಬುಟ್ಟಿಗಿಂತ ಅದನ್ನು ಹೊತ್ತು ತಂದವರ ಜೊತೆ ಮುಚ್ಚಿದ ಕೋಣೆಯಲ್ಲಿ ಹರಟುವುದೇ ಹೆಚ್ಚು ಅಪಾಯ.

2021ರದ್ದು ಇನ್ನೊಂದು ಬಗೆಯ ಮುಚ್ಚುವಿಕೆ. ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಬೇಕು, ಲಸಿಕೆ ಹಾಕಿಸಿಕೊಂಡಿದ್ದರೂ ಬಿಡುವುದಿಲ್ಲ ಎಂದು ಆಗಸ್ಟ್‌ನಲ್ಲಿ ಕರ್ನಾಟಕ ಬಿಗಿ ಮಾಡಿತು. ಅದೇ ತಿಂಗಳು ಚಾಮರಾಜನಗರವೂ ಸೇರಿ ಎಂಟು ಗಡಿ ಜಿಲ್ಲೆಗಳಿಗೆ ವಾರಾಂತ್ಯ ಕರ್ಫ್ಯೂ ಬಂತು. ಕಾಗದದ ಮೇಲೆ ಗಡಿ ತೆರೆದೇ ಇತ್ತು. ಆದರೆ ಕೇರಳದಲ್ಲಿ ಆಗ ಪರೀಕ್ಷೆಗೆ ನಿಗದಿಯಾಗಿದ್ದ ದರ 500 ರೂಪಾಯಿ. ನಾಲ್ಕು ಜನರ ಕುಟುಂಬ ಎರಡು ಸಾವಿರ ಖರ್ಚು ಮಾಡಿ, ವರದಿಗೆ ಕಾದು, ಸೂರ್ಯಕಾಂತಿ ನೋಡಲು ಬರುತ್ತದೆಯೇ? ಕೆಲಸಕ್ಕೆ, ಓದಿಗೆ ಬರಲೇಬೇಕಾದವರು ಹೇಗೋ ಬಂದರು. ಆ ಜರಡಿ ಸೋಂಕನ್ನು ಎಷ್ಟು ಶೋಧಿಸಿತೋ, ಪ್ರವಾಸಿಯನ್ನಂತೂ ಪೂರ್ತಿ ಶೋಧಿಸಿತು. ಎರಡೂ ಕಡೆ ಸೋಂಕು ಹರಡಿಯಾದ ಮೇಲೆ ಇಂಥ ತಪಾಸಣೆಯಿಂದ ಸಿಗುವ ಲಾಭ ಸ್ವಲ್ಪವೇ ಎಂಬುದು ಮೇಲಿನ ದುಪ್ಪಟ್ಟಿನ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಕೊಂಡ ಸಮಯ ಎಲ್ಲಿ ಹೋಯಿತು?

ಇಲ್ಲಿ ಕಹಿಯಾದ ಭಾಗಕ್ಕೆ ಬರಬೇಕು. 2021ರ ಮೇ 2ರಿಂದ 3ರವರೆಗಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಎಲ್ಲವೂ ಆಮ್ಲಜನಕದ ಕೊರತೆಯಿಂದಲ್ಲ ಎಂದು ಸರ್ಕಾರ ಮೊದಲು ಹೇಳಿತು; ಹೈಕೋರ್ಟ್ ನೇಮಿಸಿದ ಸಮಿತಿ ಕೊರತೆಯನ್ನು ಎತ್ತಿ ತೋರಿಸಿತು. ಸಿಲಿಂಡರ್‌ಗಳಿಗೆ ಜಿಲ್ಲೆ ಮೈಸೂರನ್ನು ನೆಚ್ಚಿಕೊಂಡಿತ್ತು. ಎರಡನೇ ಅಲೆಯಲ್ಲಿ ಮೈಸೂರಿಗೇ ಸಾಲದಾಗಿತ್ತು.

ರಾಜ್ಯದಲ್ಲೇ ಹೆಚ್ಚು ಸಮಯ ಪಡೆದ ಜಿಲ್ಲೆ ಇದು. ಮೂರು ತಿಂಗಳ ಸೊನ್ನೆ, ಅದರ ಮೇಲೆ ಎರಡನೇ ಅಲೆಗೆ ಮುಂಚಿನ ತಿಂಗಳುಗಳು. 1997ರಲ್ಲಿ ಮೈಸೂರಿನಿಂದ ಬೇರೆಯಾದರೂ ಉಸಿರಿಗೆ ಮೈಸೂರಿನತ್ತಲೇ ನೋಡಬೇಕಾದ ಸ್ಥಿತಿ ಆ ಸಮಯದಲ್ಲಿ ಬದಲಾಗಲಿಲ್ಲ. ಪಲಾವು ದೇಶವನ್ನು ಹೋಲಿಸಿ. ಜನಸಂಖ್ಯೆ ಸುಮಾರು 18 ಸಾವಿರ, ಆದಾಯದ ದೊಡ್ಡ ಪಾಲು ಪ್ರವಾಸಿಗಳಿಂದ. ಗಡಿ ಮುಚ್ಚಿ ಅವರೂ ದುಡಿಮೆ ಕಳೆದುಕೊಂಡರು. ಆದರೆ 2022ರ ಜನವರಿಯಲ್ಲಿ ಅಲ್ಲಿ ಸೋಂಕು ವ್ಯಾಪಕವಾದಾಗ ಬಹುಪಾಲು ಜನರಿಗೆ ಲಸಿಕೆ ಆಗಿತ್ತು. ಚಾಮರಾಜನಗರವು ಲಸಿಕೆ ಬರುವವರೆಗೆ ಗಡಿ ಮುಚ್ಚಿಕೊಂಡು ಕೂರಲು ಸಾಧ್ಯವಿರಲಿಲ್ಲ, ಒಪ್ಪೋಣ. ಆಮ್ಲಜನಕದ ಘಟಕಕ್ಕೆ ಲಸಿಕೆಯಂತೆ ಕಾಯಬೇಕಿರಲಿಲ್ಲವಲ್ಲ. ಹಂಗಳದ ಎಳನೀರಿನವನು ತನ್ನ ಬೇಸಿಗೆಯ ದುಡಿಮೆ ಬಿಟ್ಟುಕೊಟ್ಟು ಗಳಿಸಿದ ಸಮಯ ಅದು.

ಮುಚ್ಚಿದ ದಾರಿ ಗುಂಡ್ಲುಪೇಟೆಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ಬಿಡುಗಡೆ. ಅದರ ವಿರುದ್ಧ ಹೋರಾಟ, ಮೊಕದ್ದಮೆ ಎಲ್ಲ ನಡೆದರೂ ಊರು ಹೊಂದಿಕೊಂಡಿದೆ. ತಡವಾಗಿ ಬಂದವರು ಇಲ್ಲೇ ಉಳಿಯುತ್ತಾರೆ, ಲಾರಿಗಳು ಬೆಳಕು ಹರಿಯಲು ಕಾಯುತ್ತವೆ, ಲಾಡ್ಜು ನಡೆಯುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಡೈವಿಂಗ್ ಕೂಡ ಮಳೆಗಾಲದಲ್ಲಿ ನಿಲ್ಲುತ್ತದೆ, ದೋಣಿಯವರು ಅದನ್ನು ಲೆಕ್ಕದಲ್ಲಿಟ್ಟೇ ವರ್ಷ ನಡೆಸುತ್ತಾರೆ. ಎಂದು ಮುಚ್ಚುತ್ತದೆ, ಎಂದು ತೆರೆಯುತ್ತದೆ ಎಂದು ಗೊತ್ತಿದ್ದರೆ ಬದುಕನ್ನು ಅದಕ್ಕೆ ತಕ್ಕಂತೆ ಜೋಡಿಸಿಕೊಳ್ಳಬಹುದು. ಕೊರೊನಾ ಕಾಲದ ಆದೇಶಗಳು ಬರುತ್ತಿದ್ದದ್ದು ವಾರಕ್ಕೋ ಹದಿನೈದು ದಿನಕ್ಕೋ, ಮುಗಿಯುವ ಹಿಂದಿನ ದಿನ ಮತ್ತೆ ವಿಸ್ತರಣೆ. ಸೋಂಕಿನ ಪ್ರಮಾಣ ಎಷ್ಟಕ್ಕೆ ಇಳಿದರೆ ತೆರೆಯುತ್ತೇವೆ ಎಂಬುದನ್ನು ಮೊದಲೇ ಹೇಳಿದ್ದರೆ, ಜೀಪಿನವನು ಕಾಯಬೇಕೋ ಬೇರೆ ಕೆಲಸ ಹಿಡಿಯಬೇಕೋ ಎಂದು ತೀರ್ಮಾನಿಸಬಹುದಿತ್ತು.

ಕೇರಳದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ವರದಿ ಬೇಕಿಲ್ಲ ಎಂದು ಕರ್ನಾಟಕ ಹೇಳಿದ್ದು 2022ರ ಫೆಬ್ರವರಿಯಲ್ಲಿ. ಸೂರ್ಯಕಾಂತಿ ಬಿತ್ತಲು ಆಗ ಇನ್ನೂ ಎರಡು ಮೂರು ತಿಂಗಳಿತ್ತು.