ನೇತ್ರಾಣಿಗೆ ಕುಡತಿನಿ ದೂರವಲ್ಲ

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ಗುಡ್ಡದಂಥ ದ್ವೀಪವಿದೆ. ಮೇಲೆ ಕಾಡು, ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡು. ಕೆಳಗೆ ಹವಳ, ಬಣ್ಣಬಣ್ಣದ ಮೀನು. ಮೀನುಗಾರರು ತಲೆಮಾರುಗಳಿಂದ ಬಲ್ಲ ಈ ನಡುಗಡ್ಡೆ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೂ ಗುರಿಯಾಗಿತ್ತು. ಇಂದು ಅದು ಉಸಿರುನಳಿಗೆ ಧರಿಸಿ ಈಜುವವರ, ಸಮುದ್ರದಾಳಕ್ಕೆ ಇಳಿಯುವವರ ಪ್ರವಾಸತಾಣವಾಗಿದೆ.

ಹವಳವೆಂದರೆ ಕಲ್ಲಲ್ಲ, ಸಾವಿರಾರು ಕಿರುಜೀವಿಗಳು ಕೂಡಿ ಕಟ್ಟಿಕೊಂಡ ಮನೆ. ಹಲವು ವರ್ಷಗಳ ಆ ಕಟ್ಟೋಣವನ್ನು ದೋಣಿಯ ಲಂಗರೊಂದು ಕ್ಷಣದಲ್ಲಿ ಮುರಿಯಬಲ್ಲದು.

ಹವಾಯಿಯ ಹನೌಮಾ ಕೊಲ್ಲಿ ಈ ಪಾಠವನ್ನು ತಡವಾಗಿ ಕಲಿಯಿತು. 1967ರಲ್ಲೇ ಅದು ಸಂರಕ್ಷಿತ ಪ್ರದೇಶವಾಗಿತ್ತು. ಆದರೂ 1980ರ ದಶಕದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಅಲ್ಲಿಗೆ ನುಗ್ಗಿದರು. ಆಮೇಲೆ ಜನಸಂಖ್ಯೆಗೆ ಮಿತಿ, ಕೊಲ್ಲಿಗೆ ವಾರದ ರಜೆ, ನೀರಿಗಿಳಿಯುವ ಮುನ್ನ ಕಡ್ಡಾಯ ತಿಳಿವಳಿಕೆ ಬಂದವು. 2020ರಲ್ಲಿ ಕೊರೋನಾದಿಂದ ಬಾಗಿಲು ಮುಚ್ಚಿದಾಗ ನೀರು ಎಂದಿಗಿಂತ ತಿಳಿಯಾಯಿತು. ನೇತ್ರಾಣಿಗೆ ಮುಂಗಾರು ತಾನಾಗಿಯೇ ರಜೆ ಕೊಡುತ್ತದೆ. ಉಳಿದ ತಿಂಗಳುಗಳಿಗೆ ಮನುಷ್ಯರೇ ಮಿತಿ ಹಾಕಿಕೊಳ್ಳಬೇಕು. ಆ ಮಿತಿಯನ್ನು ಗೊತ್ತುಮಾಡುವಾಗ ಮೀನುಗಾರರ ಮಾತಿಗೆ ಮೊದಲ ಸ್ಥಾನವಿರಬೇಕು. 2024ರಲ್ಲಿ ಕುಮಾರಪರ್ವತದ ಜನಜಾತ್ರೆಯನ್ನು ಕಂಡ ಮಲೆನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಟಿಕೆಟ್ ಪಡೆಯದೆ ನೇತ್ರಾಣಿಯನ್ನು ತಲುಪುವ ಅತಿಥಿಯೊಂದಿದೆ. ಅದು ಕಲ್ಲಿದ್ದಲಿನ ಹೊಗೆ. ಕಡಲನ್ನೇ ಕಾಣದ ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅದರ ಬೂದಿ ಸುತ್ತಲಿನ ನೆಲದಲ್ಲೇ ಉಳಿಯುತ್ತದೆ. ಇಂಗಾಲಾನಿಲ ಮಾತ್ರ ಲೋಕದ ಎಲ್ಲ ಚಿಮಣಿಗಳ ಹೊಗೆಯೊಡನೆ ಬೆರೆತು ಭೂಮಿಯನ್ನೂ ಕಡಲನ್ನೂ ಕಾಯಿಸುತ್ತದೆ. ನೀರು ಅತಿಯಾಗಿ ಬಿಸಿಯಾದರೆ ಹವಳವು ತನಗೆ ಅನ್ನ ಕೊಡುವ ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಜಗತ್ತಿನ ಹವಳಗಳು ನಾಲ್ಕನೆಯ ಬಾರಿಗೆ ವ್ಯಾಪಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಈ ಬಿಸಿಯನ್ನು ಯಾವ ಕಾವಲುಗಾರನೂ ತಡೆಯಲಾರ.

ಇದು ಕುಡತಿನಿಯ ಜನರ ತಪ್ಪಲ್ಲ. ಬೂದಿಯ ನಡುವೆ ಬದುಕುವವರು ಅವರು. ಬೆಳಕು ಎಲ್ಲರ ಮನೆಯದು. ಆದುದರಿಂದ ನೇತ್ರಾಣಿಗೆ ಹೋಗುವವರು ಹವಳವನ್ನು ಮುಟ್ಟದಿರಲಿ, ಮೆಟ್ಟದಿರಲಿ. ಹೋಗದವರ ಹೊಣೆಯೂ ಕಡಿಮೆಯದಲ್ಲ: ಕಲ್ಲಿದ್ದಲಿನ ವಿದ್ಯುತ್ತನ್ನು ಮಿತವಾಗಿ ಬಳಸುವುದು, ಅದಕ್ಕೆ ಬದಲಿಯನ್ನು ಗಟ್ಟಿದನಿಯಲ್ಲಿ ಕೇಳುವುದು. ದ್ವೀಪದ ರಕ್ಷಣೆ ದಡದಲ್ಲಿ ಆರಂಭವಾಗುವುದಿಲ್ಲ. ಮನೆಯ ಸ್ವಿಚ್ಚಿನಲ್ಲಿ ಆರಂಭವಾಗುತ್ತದೆ.