ಬಟ್ಟೆಯ ಕಣ್ಣು, ಪೊರೆಯ ಕಣ್ಣು

ಗದ್ವಾಲ ಸೀಮೆಯ ಶಾಂತಿನಗರದಲ್ಲಿ ಹತ್ತಿಬೀಜದ ವ್ಯಾಪಾರ ಮಾಡುವ ನಮ್ಮ ಬಂಧುಗಳೊಬ್ಬರಿದ್ದಾರೆ. ಅವರ ಎರಡೂ ಮೂತ್ರಪಿಂಡಗಳು ಸೋಲುತ್ತ ಬಂದಿದ್ದವು. ಮುಂದೆ ಡಯಾಲಿಸಿಸ್ ಬೇಕಾಗುತ್ತದೆ, ಈಗಲೇ ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿ ಎರಡು ತಿಂಗಳಾದರೂ ಇವರು ಮುಂದೂಡುತ್ತಲೇ ಇದ್ದರು. ಕೇಳಿದರೆ, "ಅಮೆರಿಕದಾಗ ಹೊಸ ಪೊರೆ ಬಂದದಂತ, ಹತ್ತು ಪಟ್ಟು ಬೇಗ ಸೋಸತದಂತ. ಅದು ಬರಲಿ ತಡೀರಿ" ಎಂದರು.

ಸುದ್ದಿ ಸುಳ್ಳಲ್ಲ, ಆದರೆ ಅರ್ಧ.

ನೀರು ಸೋಸುವ ಬಟ್ಟೆಯನ್ನು ನಾವೆಲ್ಲ ಎರಡು ಮಡಿಕೆ ಮಾಡುತ್ತೇವೆ. ಮಡಿಕೆ ಹೆಚ್ಚಿದಷ್ಟೂ ನೀರು ನಿಧಾನವಾಗಿ ಇಳಿಯುವುದು ನಮ್ಮ ತಾಯಂದಿರಿಗೆಲ್ಲ ಗೊತ್ತು. ಡಯಾಲಿಸಿಸ್ ಕೊಳವೆಯೊಳಗೆ ಕೂದಲಿನಂಥ ಟೊಳ್ಳು ಎಳೆಗಳು ಸುಮಾರು 10,000 ಇರುತ್ತವೆ. ಅವುಗಳ ಗೋಡೆಯೇ ಜರಡಿ. ಯೂರಿಯಾ ಹೊರಹೋಗಬೇಕು, ಅದಕ್ಕಿಂತ ಸಾವಿರ ಪಟ್ಟು ತೂಕದ ಆಲ್ಬುಮಿನ್ ಪ್ರೋಟೀನ್ ರಕ್ತದಲ್ಲೇ ಉಳಿಯಬೇಕು. ರಂಧ್ರ ನ್ಯಾನೋಮೀಟರ್ ಲೆಕ್ಕದ್ದು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕ. ಗೋಡೆಯ ದಪ್ಪ ಅದರ ಸಾವಿರಾರು ಪಟ್ಟು. ಕಣಕ್ಕೆ ಅದು ಬಾಗಿಲಲ್ಲ, ಸುರಂಗ.

2007ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸ್ಟ್ರೀಮರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಿಲಿಕಾನ್ ಪೊರೆಯ ದಪ್ಪ ಬರೀ 15 ನ್ಯಾನೋಮೀಟರ್. ರಂಧ್ರದ ಅಗಲ, ಪೊರೆಯ ದಪ್ಪ ಹೆಚ್ಚುಕಡಿಮೆ ಒಂದೇ. ಅದಕ್ಕೇ ಕಣಗಳು ಸುಮಾರು ಹತ್ತು ಪಟ್ಟು ಬೇಗ ದಾಟಿದವು. ಅಷ್ಟು ತೆಳುವಾದದ್ದು ಒಂದು ವಾಯುಮಂಡಲದ ಒತ್ತಡ ತಾಳಿಕೊಂಡಿತೆಂಬುದು ನಮಗಂತೂ ಸೋಜಿಗವೇ. ಆದರೆ ಆ ಪೊರೆಯ ಒಂದು ಕಿಟಕಿಯ ಅಗಲ ಮಿಲಿಮೀಟರಿನ ಐದರಲ್ಲೊಂದು ಪಾಲು! ಡಯಾಲಿಸಿಸ್‌ಗೆ ಬೇಕಾದದ್ದು ಒಂದೂವರೆ ಚದರ ಮೀಟರಿನಷ್ಟು. ಒಂದೆಳೆ ನೂಲು ತೋರಿಸಿ ಗದ್ವಾಲ ಸೀರೆಯ ವ್ಯಾಪಾರ ಕುದುರಿಸಿದಂತಾಯಿತು. ಕ್ಯಾಲಿಫೋರ್ನಿಯಾದಲ್ಲಿ ಶುವೋ ರಾಯ್ ಅವರ ತಂಡ ಸಿಲಿಕಾನ್ ಪೊರೆಯಿಂದಲೇ, ದೇಹದೊಳಗೆ ಇಡುವ ಮೂತ್ರಪಿಂಡಕ್ಕೆ ಯತ್ನಿಸುತ್ತಿದೆ. ಪ್ರಾಣಿಗಳ ಮೇಲೆ ಪರೀಕ್ಷೆ ನಡೆದಿದೆ (ನಮ್ಮಂಥವರಿಗೆ ಅದು ನುಂಗಲಾರದ ಮಾತು). ರೋಗಿಗಳ ಕೈಗೆ ಇನ್ನೂ ಬಂದಿಲ್ಲ.

ಫಿಸ್ಟುಲಾ ಬಲಿಯಲು ಒಂದೂವರೆ, ಎರಡು ತಿಂಗಳು ಬೇಕು. ಅಷ್ಟರೊಳಗೆ ಮೂತ್ರಪಿಂಡ ಪೂರ್ತಿ ಕೈಕೊಟ್ಟರೆ ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ತೂರಿಸಬೇಕು. ಅದರಲ್ಲಿ ಸೋಂಕಿನ ಭಯ ಹೆಚ್ಚು. ಇಷ್ಟನ್ನೂ ಅಂಗಡಿಯ ಗಾದಿಯ ಮೇಲೆ ಕುಳಿತು ಹೇಳಿದೆವು. ಅವರು ಸುಮ್ಮನಿದ್ದರು. ಒಳಗಿನಿಂದ ಅವರ ಮನೆಯವರೇ, "ಅಣ್ಣಾರ, ನಾಳೆನೇ ಕರಕೊಂಡು ಹೋಗತೀನ್ರಿ" ಎಂದರು.

ಹೋದರು. ಈಗ ವಾರಕ್ಕೆ ಮೂರು ದಿನ ತುಂಗಭದ್ರೆ ದಾಟಿ ಕರ್ನೂಲಿಗೆ ಹೋಗುತ್ತಾರೆ. ಒಮ್ಮೆ ಮಲಗಿದರೆ ನಾಲ್ಕು ತಾಸು. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದಾನೆ.