ರವಿವಾರದ ಲೆಕ್ಕಾಚಾರ: ಸಂಘದ ಕುರ್ಚಿಗಳು ಖಾಲಿಯಾಗುವುದೇಕೆ?

ಮುಂಬಯಿಯ ಯಾವ ಕನ್ನಡ ಅಥವಾ ತುಳು ಸಂಘದ ಮಹಾಸಭೆಗೆ ಹೋದರೂ ಒಂದು ಮಾತು ಕೇಳಿಬರುವುದು ಖಂಡಿತ: "ಕಾರ್ಯಕ್ರಮಗಳಿಗೆ ಜನ ಬರುವುದಿಲ್ಲ, ಯುವಕರಂತೂ ಇತ್ತ ತಲೆ ಹಾಕುವುದೇ ಇಲ್ಲ." ಇದಕ್ಕೆ ಕಾರಣವೆಂದು ನಾವು ಮೊದಲು ಟಿವಿ ಧಾರಾವಾಹಿಗಳನ್ನು ದೂರಿದೆವು. ಬಳಿಕ ಮಾಲ್‌ಗಳನ್ನು ದೂರಿದೆವು. ಈಗ ಮೊಬೈಲಿನ ಸರದಿ. ದೂರು ಹೇಳಿ ಮನೆಗೆ ಹೋದರೆ ಮುಂದಿನ ವರ್ಷದ ಮಹಾಸಭೆಯಲ್ಲೂ ಅದೇ ಮಾತು.

ನಮ್ಮವರಿಗೆ ಅಭಿರುಚಿ ಕಡಿಮೆಯಾಗಿದೆ ಎಂಬ ಈ ತೀರ್ಮಾನ ಸರಿಯೇ? ಅದಕ್ಕಿಂತ ಮೊದಲು ಸಾಮಾನ್ಯ ಕುಟುಂಬವೊಂದರ ರವಿವಾರದ ಜಮಾ-ಖರ್ಚನ್ನು ನೋಡುವುದು ಒಳ್ಳೆಯದು. ಎಷ್ಟು ಸಮಯ ಕೈಯಲ್ಲಿದೆ, ಎಷ್ಟು ಹಣ ಬೇಕು, ಜನ ನಿಜವಾಗಿ ಹೋಗುತ್ತಿರುವುದು ಎಲ್ಲಿಗೆ ಎಂಬ ಮೂರು ವಿಷಯ ತಿಳಿದರೆ ಖಾಲಿ ಕುರ್ಚಿಗಳ ಕಾರಣವೂ ತಿಳಿದೀತು.

ಸಮಯದ ಲೆಕ್ಕ

ವರ್ಷಕ್ಕೆ 52 ರವಿವಾರಗಳು. ಅದರಲ್ಲಿ ಮದುವೆ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಹೌಸಿಂಗ್ ಸೊಸೈಟಿಯ ಸಭೆ, ಮಕ್ಕಳ ಪರೀಕ್ಷೆ, ಊರಿನಿಂದ ಬಂದ ನೆಂಟರು ಎಂದು ಅರ್ಧಕ್ಕರ್ಧ ಕಳೆಯುತ್ತವೆ. ಉಳಿದ ರವಿವಾರಗಳಲ್ಲೂ ವಾರವಿಡೀ ಬಾಕಿ ಉಳಿದ ಮನೆಗೆಲಸ ಕಾದಿರುತ್ತದೆ. ಬ್ಯಾಂಕ್ ನೌಕರರಿಗೆ 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ದೊರೆತು ಸ್ವಲ್ಪ ಉಸಿರಾಡುವಂತಾಯಿತು. ಆದರೆ ಅಂಗಡಿ, ಕಾರ್ಖಾನೆ, ಖಾಸಗಿ ಕಚೇರಿಗಳಲ್ಲಿ ದುಡಿಯುವ ಬಹುಮಂದಿಗೆ ಶನಿವಾರವೂ ದುಡಿಮೆಯ ದಿನವೇ.

ಇನ್ನು ಹೊಟೇಲ್ ಉದ್ಯಮದಲ್ಲಿರುವ ನಮ್ಮವರ ಪರಿಸ್ಥಿತಿಯೇ ಬೇರೆ. ಊರಿಗೆಲ್ಲ ರಜೆ ಇರುವ ದಿನವೇ ಅವರಿಗೆ ಅತಿ ಹೆಚ್ಚು ಕೆಲಸ. 1940ರ ಕೆಫೆ ಮದ್ರಾಸ್, 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮುಂತಾದ ಮಾಟುಂಗದ ಹೆಸರಾಂತ ಹೊಟೇಲುಗಳ ಮುಂದೆ ರವಿವಾರ ಸಾಲು ನಿಲ್ಲುವ ಮಂದಿಯನ್ನು ನೋಡಿ. ಗುಜರಾತಿ, ಮರಾಠಿ, ಪಂಜಾಬಿ ಕುಟುಂಬಗಳಿಗೆ ನಮ್ಮ ಇಡ್ಲಿ-ದೋಸೆಯೇ ರವಿವಾರದ ವಿಹಾರ. ಅದನ್ನು ಬಡಿಸುವ ನಮ್ಮ ಹುಡುಗರಿಗೆ ಆ ದಿನ ವಿಹಾರವಿಲ್ಲ. ಒಂದು ಕಾಲದಲ್ಲಿ ಹಗಲು ಹೊಟೇಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರೇ ನಮ್ಮ ಎಷ್ಟೋ ಸಂಘಗಳನ್ನು ಕಟ್ಟಿ ಬೆಳೆಸಿದರು. ಅದೇ ವರ್ಗದ ಇಂದಿನ ಹುಡುಗನಿಗೆ ಅನುಕೂಲವಾಗುವ ದಿನ, ಹೊತ್ತಿನಲ್ಲಿ ನಮ್ಮ ಕಾರ್ಯಕ್ರಮಗಳು ಎಷ್ಟಿವೆ?

ಇದರ ಮೇಲೆ ರೈಲ್ವೆಯ ಮೆಗಾ ಬ್ಲಾಕ್. ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಇದು ಅನೇಕ ರವಿವಾರಗಳಂದು ಬೆಳಗ್ಗೆ ಸುಮಾರು 11ರಿಂದ ಸಂಜೆ 4ರ ತನಕ, ಅದೂ ಮಾಟುಂಗ-ಮುಲುಂಡ್ ನಡುವೆಯೇ ಇರುತ್ತದೆ. ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ, ಎಲ್ಲವೂ ತಡವಾಗುತ್ತದೆ. ಹಾರ್ಬರ್ ಮಾರ್ಗದಲ್ಲಂತೂ ಬ್ಲಾಕ್ ಇರುವ ಭಾಗದಲ್ಲಿ ಗಾಡಿಯೇ ಇರುವುದಿಲ್ಲ. ರವಿವಾರ ಮೊದಲೇ ಗಾಡಿಗಳ ಸಂಖ್ಯೆ ಕಡಿಮೆ. ಹಳಿ ದುರಸ್ತಿ ಬೇಡವೆನ್ನುವಂತಿಲ್ಲ, ಅದು ನಮ್ಮದೇ ಜೀವದ ಪ್ರಶ್ನೆ. ಆದರೆ ಅಪರಾಹ್ನ 3 ಗಂಟೆಗೆ ಮಾಟುಂಗದಲ್ಲಿ ಸಭೆ ಎಂದು ಆಮಂತ್ರಣ ಪತ್ರಿಕೆ ಮುದ್ರಿಸುವಾಗ, ಡೊಂಬಿವಲಿಯ ಸದಸ್ಯ ಮನೆಯಿಂದ ಹೊರಡಬೇಕಾದದ್ದು ಸರಿಯಾಗಿ ಈ ಬ್ಲಾಕ್‌ನ ಹೊತ್ತಿಗೇ ಎಂಬುದನ್ನು ಯಾರಾದರೂ ಯೋಚಿಸುತ್ತಾರೆಯೇ?

1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಆ ಕಾಲದ ಕನ್ನಡಿಗರು ಹೆಚ್ಚಾಗಿ ಕೋಟೆ ಪರಿಸರದಿಂದ ದಾದರ್-ಮಾಟುಂಗದ ತನಕ ನೆಲೆಸಿದ್ದರು. ಟ್ರಾಮು ಹಿಡಿದೋ ನಡೆದೋ ಬಂದು, ನಾಟಕ ನೋಡಿ ರಾತ್ರಿ ಮನೆ ಸೇರಬಹುದಿತ್ತು. ಇಂದು ನಮ್ಮವರು ವಿರಾರ್, ನಾಲಾಸೋಪಾರ, ಮೀರಾ ರೋಡ್, ಕಲ್ಯಾಣ್, ನವಿಮುಂಬಯಿ, ಪನ್ವೇಲ್ ತನಕ ಹರಡಿದ್ದಾರೆ. ಮನೆಯ ಬೆಲೆ ಅವರನ್ನು ಅಲ್ಲಿಗೆ ಕಳುಹಿಸಿತು. ನಮ್ಮ ಕಾರ್ಯಕ್ರಮಗಳ ವೇಳಾಪಟ್ಟಿ ಮಾತ್ರ ಅಲ್ಲಿಗೆ ಹೋಗಲಿಲ್ಲ.

ಹಣದ ಲೆಕ್ಕ

ಮಾಲ್‌ಗಳು ನಮ್ಮ ಪ್ರೇಕ್ಷಕರನ್ನು ಸೆಳೆದುಕೊಂಡವು ಎಂಬ ಮಾತನ್ನೂ ಪರೀಕ್ಷಿಸೋಣ. ಮಲ್ಟಿಪ್ಲೆಕ್ಸ್ ಟಿಕೇಟು ತೆರಿಗೆ ಸೇರಿ ತಲಾ 300 ರೂಪಾಯಿ ಎಂದಿಟ್ಟುಕೊಂಡರೆ ನಾಲ್ವರಿಗೆ 1,200. ಇದರಲ್ಲಿ ಸುಮಾರು 183 ರೂಪಾಯಿ ಜಿಎಸ್‌ಟಿಗೆ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಒಳಗಿನ ಟಿಕೇಟಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಆದರೆ ಅದಕ್ಕಿಂತ ಮೇಲಿನ ಟಿಕೇಟಿಗೆ ಶೇ. 18 ಹಾಗೆಯೇ ಉಳಿಯಿತು. ರವಿವಾರ ಸಂಜೆ ಮಲ್ಟಿಪ್ಲೆಕ್ಸಿನಲ್ಲಿ 100 ರೂಪಾಯಿಯ ಟಿಕೇಟು ಸಿಗುವುದೇ ಅಪರೂಪವಾದ್ದರಿಂದ ಈ ರಿಯಾಯಿತಿ ನಮ್ಮ ಕುಟುಂಬಗಳಿಗೆ ಹೆಚ್ಚೇನೂ ತಟ್ಟಲಿಲ್ಲ. ಮೇಲೆ ಪಾಪ್‌ಕಾರ್ನ್, ತಂಪು ಪಾನೀಯ, ರಿಕ್ಷಾ ಬಾಡಿಗೆ ಸೇರಿದರೆ ಎರಡು ಸಾವಿರ ದಾಟುತ್ತದೆ. ತಿಂಗಳ ಸಂಬಳದಲ್ಲಿ ಮನೆಸಾಲದ ಕಂತು, ಶಾಲಾ ಶುಲ್ಕ ಕಟ್ಟುವವರು ಪ್ರತೀ ವಾರ ಈ ಖರ್ಚು ಮಾಡಲಾರರು.

ಬಸ್ಸೂ ಅಗ್ಗವಾಗಿ ಉಳಿದಿಲ್ಲ. 2019ರಲ್ಲಿ 5 ರೂಪಾಯಿಗೆ ಇಳಿಸಿದ್ದ ಬೆಸ್ಟ್‌ನ ಕನಿಷ್ಠ ದರವನ್ನು 2025ರ ಮೇ 9ರಿಂದ 10 ರೂಪಾಯಿ ಮಾಡಲಾಯಿತು, ಹವಾನಿಯಂತ್ರಿತ ಬಸ್ಸಿಗೆ 6ರಿಂದ 12 ರೂಪಾಯಿ. ಪೂರ್ಣ ಟಿಕೇಟಿನ ನಾಲ್ವರು ಸಾದಾ ಬಸ್ಸಿನಲ್ಲಿ ಹತ್ತಿರದ ಜಾಗಕ್ಕೆ ಹೋಗಿಬರಲು 40 ರೂಪಾಯಿ ಸಾಕಿದ್ದಲ್ಲಿ 80 ಬೇಕು.

ಹಾಗಾದರೆ ಜನ ಹೋಗುವುದು ಎಲ್ಲಿಗೆ? ಕಡಿಮೆ ಖರ್ಚಿನ, ಮಕ್ಕಳಿಗೆ ಓಡಾಡಲು ಜಾಗ ಇರುವ ಕಡೆಗೆ. ಬೈಕುಲಾದ ರಾಣಿಬಾಗ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಅಲ್ಲಿ ಪೆಂಗ್ವಿನ್‌ಗಳನ್ನು ತೋರಿಸಲು ಆರಂಭಿಸಿ, 5 ರೂಪಾಯಿ ಇದ್ದ ಪ್ರವೇಶ ಶುಲ್ಕವನ್ನು 50ಕ್ಕೆ ಏರಿಸಿದಾಗ ಗದ್ದಲವೇ ಆಯಿತು. ಆದರೂ ತಂದೆ, ತಾಯಿ, ಇಬ್ಬರು ಮಕ್ಕಳಿಗೆ ಒಟ್ಟಿಗೆ 100 ರೂಪಾಯಿ ಎಂದು ನಿಗದಿ ಮಾಡಿದ್ದರಿಂದ ರಜಾದಿನಗಳ ಜನಸಂದಣಿ ಕಡಿಮೆಯಾಗಲಿಲ್ಲ. ಶಿವಾಜಿ ಪಾರ್ಕ್, ಜುಹೂ, ಗಿರ್ಗಾಂವ್ ಚೌಪಾಟಿಗಳಿಗೆ ಟಿಕೇಟೇ ಇಲ್ಲ. 2025ರ ಆಗಸ್ಟ್‌ನಲ್ಲಿ ಕೋಸ್ಟಲ್ ರೋಡ್ ಬದಿಯ ಸಮುದ್ರ ತೀರದ ಕಾಲುದಾರಿ ತೆರೆದದ್ದೇ ತಡ, ಸಂಜೆಯ ಗಾಳಿ ಸೇವಿಸಲು ಜನ ಅತ್ತ ಹೊರಟರು. ತಲಾ ಎರಡು ಚದರ ಮೀಟರ್‌ನಷ್ಟೂ ಬಯಲು ಜಾಗ ಇಲ್ಲದ ನಗರದಲ್ಲಿ ಇದು ಸಹಜ.

ಅಂದರೆ ನಮ್ಮ ಸಭಾಗೃಹದ ಪ್ರತಿಸ್ಪರ್ಧಿ ಮಾಲ್ ಒಂದೇ ಅಲ್ಲ. ವಾರಪೂರ್ತಿ ಒಂದು ಕೋಣೆಯ ಮನೆ, ಮುಚ್ಚಿದ ಕಚೇರಿ, ತುಂಬಿದ ಲೋಕಲ್‌ನಲ್ಲಿ ಕಳೆದವನು ರವಿವಾರ ಇನ್ನೊಂದು ಮುಚ್ಚಿದ ಕೋಣೆಯಲ್ಲಿ ನಾಲ್ಕು ಗಂಟೆ ಕೂರಲು ಬಯಸುವುದಿಲ್ಲ, ಅಷ್ಟೇ.

ಅಭಿರುಚಿ ಸತ್ತಿಲ್ಲ

ಕನ್ನಡದ ಬಗ್ಗೆ ಆಸಕ್ತಿಯೇ ಇಲ್ಲ ಎಂಬುದಕ್ಕೆ ಉತ್ತರವನ್ನು ಜನರೇ ಕೊಟ್ಟಿದ್ದಾರೆ. 2022ರ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆಕಂಡಾಗ ಇದೇ ಮುಂಬಯಿಯ ಮಲ್ಟಿಪ್ಲೆಕ್ಸ್‌ಗಳಲ್ಲಿ ನಮ್ಮವರು ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿದರು. ಮನೆಯಲ್ಲಿ ಹಿಂದಿ-ಇಂಗ್ಲಿಷ್ ಮಾತನಾಡುವ ಮಕ್ಕಳು ಭೂತಕೋಲದ ಬಗ್ಗೆ ಅಜ್ಜ-ಅಜ್ಜಿಯಲ್ಲಿ ಪ್ರಶ್ನೆ ಕೇಳತೊಡಗಿದರು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ. ಒಳ್ಳೆಯ ಪ್ರಸಂಗ, ಒಳ್ಳೆಯ ಭಾಗವತರು ಇದ್ದರೆ ಸಭಾಗೃಹ ತುಂಬುತ್ತದೆ. 'ಆಟಿಡೊಂಜಿ ದಿನ'ದಂದು ಪತ್ರೊಡೆಗೆ ಸಾಲು ನಿಲ್ಲುವವರಲ್ಲಿ ಯುವಕರೂ ಇರುತ್ತಾರೆ. ನೋಡಲು, ತಿನ್ನಲು, ಆಡಲು, ಕೈಯಾರೆ ಮಾಡಲು ಏನಾದರೂ ಇದ್ದಲ್ಲಿಗೆ ಜನ ಬರುತ್ತಾರೆ. ಬಾರದೆ ಇರುವುದು ಬರೇ ಕೂತು ಕೇಳಬೇಕಾದಲ್ಲಿಗೆ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. 3 ಗಂಟೆಯ ಕಾರ್ಯಕ್ರಮ 4ಕ್ಕೆ ಆರಂಭ. ಪ್ರಾರ್ಥನೆ, ಸ್ವಾಗತ, ದೀಪ ಪ್ರಜ್ವಲನೆ, ಗಣ್ಯರ ಪರಿಚಯ, ಹತ್ತು ಹನ್ನೆರಡು ಮಂದಿಗೆ ಶಾಲು, ಫಲಪುಷ್ಪ, ಸ್ಮರಣಿಕೆ. ಬಳಿಕ ಪ್ರತಿಯೊಬ್ಬ ಅತಿಥಿಯ ನಾಲ್ಕು ಮಾತು. ಮೂರು ವಾರ ಅಭ್ಯಾಸ ಮಾಡಿದ ಮಕ್ಕಳ ನೃತ್ಯ ಬರುವಾಗ ರಾತ್ರಿ 8 ಗಂಟೆ. ಆಗ ಅರ್ಧ ಸಭೆ ಕೊನೆಯ ಫಾಸ್ಟ್ ಗಾಡಿಯ ಯೋಚನೆಯಲ್ಲಿ ಎದ್ದು ಹೋಗಿರುತ್ತದೆ.

ಇದನ್ನು ಟೀಕಿಸುವುದು ಸುಲಭ, ನಡೆಸುವವರ ಕಷ್ಟವನ್ನೂ ಕಾಣಬೇಕು. ಸಭಾಗೃಹದ ಬಾಡಿಗೆ, ಧ್ವನಿವರ್ಧಕ, ಊಟ, ಕಲಾವಿದರ ಸಂಭಾವನೆ ಯಾವುದೂ ಸದಸ್ಯತ್ವ ಶುಲ್ಕದಿಂದ ಹುಟ್ಟುವುದಿಲ್ಲ. ದಾನಿಗಳು ಕೊಟ್ಟರೇ ಕಾರ್ಯಕ್ರಮ. ಕೊಟ್ಟವರನ್ನು ಸತ್ಕರಿಸುವುದು ನಮ್ಮ ಸಂಸ್ಕೃತಿ. ಆದರೆ ಸತ್ಕಾರಕ್ಕೆ ಎರಡು ಗಂಟೆಯೇ ಬೇಕೆಂದಿಲ್ಲ. ಅದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ದಾನಿಗಳ ಭಾವಚಿತ್ರ, ಪರಿಚಯವನ್ನು ಸ್ಮರಣ ಸಂಚಿಕೆಯಲ್ಲಿ ಚೆನ್ನಾಗಿ ಪ್ರಕಟಿಸಬಹುದು. ಖಾಲಿ ಕುರ್ಚಿಗಳ ಮುಂದೆ ಶಾಲು ಹೊದೆಸಿಕೊಳ್ಳುವುದಕ್ಕಿಂತ ತುಂಬಿದ ಸಭೆಯಲ್ಲಿ ಒಮ್ಮೆ ಎದ್ದುನಿಂತು ಚಪ್ಪಾಳೆ ಪಡೆಯುವುದು ಯಾವ ದಾನಿಗೂ ಹೆಚ್ಚು ಸಂತೋಷ ತರುತ್ತದೆ.

ಮಾಡಬಹುದಾದದ್ದು

ಮೊದಲನೆಯದಾಗಿ, ಹೊತ್ತು. ಬೆಳಗ್ಗೆ 8ರಿಂದ 10.30ರ ತನಕದ ಕಾರ್ಯಕ್ರಮ ನಡೆಸಿ ನೋಡಬಹುದು. ಹೋಗುವಾಗಲಾದರೂ ಮೆಗಾ ಬ್ಲಾಕ್ ತೊಂದರೆ ಇಲ್ಲ, ಉಪಾಹಾರದೊಂದಿಗೆ ಮುಗಿಸಿದರೆ ಊಟದ ಖರ್ಚೂ ಉಳಿಯುತ್ತದೆ. ಹೊಟೇಲ್ ಬಂಧುಗಳಿಗಾಗಿ ವರ್ಷಕ್ಕೆ ಎರಡು ಕಾರ್ಯಕ್ರಮಗಳನ್ನಾದರೂ ಸೋಮವಾರ ಇಡಬೇಕು. ಮಾಟುಂಗದ ಕೆಲವು ಹೊಟೇಲುಗಳಿಗೆ ವಾರದ ರಜೆ ಅಂದೇ.

ಎರಡನೆಯದು, ಮೆಟ್ರೋ. 2014ರಲ್ಲಿ ವರ್ಸೋವಾ-ಘಾಟ್ಕೋಪರ್ ಮಾರ್ಗ, 2023ರ ಜನವರಿಯಲ್ಲಿ ದಹಿಸರ್-ಅಂಧೇರಿಯ ಎರಡು ಮಾರ್ಗಗಳು ಪೂರ್ಣವಾಗಿ, 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್ ತನಕದ 33.5 ಕಿ.ಮೀ. ಭೂಗತ ಮಾರ್ಗ ಪೂರ್ಣವಾಗಿ ತೆರೆದವು. ರೈಲ್ವೆಯ ಬ್ಲಾಕ್ ಮೆಟ್ರೋಗೆ ತಟ್ಟುವುದಿಲ್ಲ. ದಾದರ್, ಶೀತಲಾದೇವಿ ನಿಲ್ದಾಣಗಳಿಂದ ನಮ್ಮ ಹಳೆಯ ಕನ್ನಡ ಪರಿಸರ ದೂರವಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಹೆಸರುಗಳ ನಡುವೆ ಹತ್ತಿರದ ಮೆಟ್ರೋ ನಿಲ್ದಾಣದ ಹೆಸರಿಗೂ ಒಂದು ಸಾಲು ಕೊಡಬೇಕು.

ಮೂರನೆಯದು ಮುಖ್ಯವಾದದ್ದು. ಜನ ಹೋಗುವಲ್ಲಿಗೆ ಸಂಘವೇ ಹೋಗಬೇಕು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ನೂರಕ್ಕೂ ಹೆಚ್ಚು ಕಾನ್ಹೇರಿ ಗುಹೆಗಳಿವೆ. ಅಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಶಾಸನಗಳಿವೆ. ಆತನ ಸಾಮಂತರಾಗಿ ಕೊಂಕಣವನ್ನಾಳಿದ ಶಿಲಾಹಾರರ ಹೆಸರೂ ಅವುಗಳಲ್ಲಿದೆ. 'ಕವಿರಾಜಮಾರ್ಗ'ದ ಕಾಲದ ಆ ದೊರೆಯ ಹೆಸರು ಬೊರಿವಲಿಯ ಬಂಡೆಯ ಮೇಲಿದೆ ಎಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ರಾಜ್ಯೋತ್ಸವದ ತಿಂಗಳ ಒಂದು ರವಿವಾರ ಬೆಳಗ್ಗೆ ಐವತ್ತು ಮಂದಿ ಅಲ್ಲಿಗೆ ಹೋಗಿ, ತಿಳಿದವರೊಬ್ಬರಿಂದ ಅರ್ಧ ಗಂಟೆ ವಿವರಣೆ ಕೇಳಿ, ಕಟ್ಟಿಕೊಂಡು ಹೋದ ಚಿತ್ರಾನ್ನ ಉಂಡು ಬಂದರೆ, ಅದು ಸಭಾಗೃಹದ ಮೂರು ಭಾಷಣಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಸಭಾಗೃಹದ ಬಾಡಿಗೆಯೂ ಇಲ್ಲ.

ಸಹ್ಯಾದ್ರಿಯ ಚಾರಣ, ಮಾಥೇರಾನ್, 2020ರಿಂದ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಹೋಗುವ ರೋ-ರೋ ಹಡಗು, ಇವೆಲ್ಲ ಯುವ ವಿಭಾಗಕ್ಕೆ ಬಿಟ್ಟುಕೊಡಬಹುದಾದ ಕೆಲಸ. ಆದರೆ ಜವಾಬ್ದಾರಿಯಿಂದ ಆಗಬೇಕು. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಬಳಿ ವಿಹಾರಕ್ಕೆ ಹೋದ ಒಂದೇ ಕುಟುಂಬದ ಐವರು ನೀರುಪಾಲಾದ ದುರಂತವನ್ನು ಮರೆಯಬಾರದು. ಮಳೆಗಾಲದಲ್ಲಿ ಜಲಪಾತ, ಅಣೆಕಟ್ಟುಗಳಿಗೆ ಪ್ರವಾಸ ಬೇಡ. ಜಿಲ್ಲಾಡಳಿತದ ನಿಷೇಧಾಜ್ಞೆ ಇದೆಯೇ ಎಂದು ನೋಡಿಯೇ ಹೊರಡಬೇಕು. ಬಂದವರ ಹೆಸರು, ದೂರವಾಣಿ ಸಂಖ್ಯೆ ಸಂಚಾಲಕರ ಕೈಯಲ್ಲಿರಬೇಕು.

ಇಷ್ಟರಿಂದ ಸಭಾಗೃಹಗಳು ಬೇಡವೆಂದು ಅರ್ಥವಲ್ಲ. ಹಿರಿಯರಿಗೆ ಅವೇ ನೆಲೆ. ನಾಟಕ, ಯಕ್ಷಗಾನ, ಸಾಹಿತ್ಯಗೋಷ್ಠಿ ಅಲ್ಲಿಯೇ ನಡೆಯಬೇಕು. ಆದರೆ ಮುಂಬಯಿಯಲ್ಲಿ ಹುಟ್ಟಿದ ಮಗುವಿಗೆ ಕನ್ನಡ ಶಾಲೆ ಸಿಗುವುದು ಕಷ್ಟವಾಗಿದೆ, ನೆರೆಮನೆಯಲ್ಲಿ ಕನ್ನಡ ಇಲ್ಲ. ಓರಗೆಯ ಮಕ್ಕಳೊಡನೆ ಕನ್ನಡದಲ್ಲಿ ನಗಲು, ಜಗಳವಾಡಲು ಅದಕ್ಕೆ ಉಳಿದಿರುವ ಹೊತ್ತು ರವಿವಾರದ ಎರಡು ಮೂರು ಗಂಟೆ ಮಾತ್ರ. ಅದನ್ನು ಭಾಷಣ ಕೇಳಿಸಿ ಕಳೆದರೆ ಭಾಷೆಯೆಂದರೆ ಬೇಸರ ಎಂದು ಆ ಮಗು ಕಲಿಯುತ್ತದೆ.

ಹೊಸ ಕಾರ್ಯಕಾರಿ ಸಮಿತಿಗಳು ವಾರ್ಷಿಕ ಕಾರ್ಯಕ್ರಮ ಪಟ್ಟಿ ತಯಾರಿಸುವಾಗ ನಾಲ್ಕಕ್ಕೆ ಒಂದು ಕಾರ್ಯಕ್ರಮವನ್ನಾದರೂ ಬಯಲಿನಲ್ಲಿ, ಉಪನಗರದಲ್ಲಿ, ಬೆಳಗ್ಗಿನ ಹೊತ್ತಿನಲ್ಲಿ ಇಡಲಿ. ವರ್ಷದ ಕೊನೆಗೆ ಎರಡೂ ಬಗೆಯ ಕಾರ್ಯಕ್ರಮಗಳ ಖರ್ಚನ್ನೂ ಹಾಜರಿಯನ್ನೂ ಪಕ್ಕಪಕ್ಕದಲ್ಲಿ ಬರೆದು ಮಹಾಸಭೆಯ ಮುಂದಿಡಲಿ. ಮುಂದೇನು ಮಾಡಬೇಕೆಂಬುದನ್ನು ಆಗ ಸದಸ್ಯರೇ ತೀರ್ಮಾನಿಸುತ್ತಾರೆ.